ಹಳೆಯ ದೋಣಿ ಕೊಳ್ಳುವ ಮುನ್ನ

“ಮೇಷ್ಟ್ರೇ, ಇವನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ. ದೋಣಿ ತಗೋತಾನಂತೆ, ದೋಣಿ! ಅದೂ ಸೆಕೆಂಡ್ ಹ್ಯಾಂಡು!”

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಪದ್ಮನಾಭನಗರದ ನಮ್ಮ ಮನೆಗೆ ಬಂದು ಹೀಗೆ ದೂರು ಹೇಳಿದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿದ್ದ ಮಗ ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಹತ್ತಿರ ವಿಜ್ಞಾನ ಕಲಿತವನು. ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಕೈತುಂಬ ಸಂಬಳ. ಸೈಟು ಕೊಳ್ಳುತ್ತಾನೆ, ಮದುವೆಗೆ ಒಪ್ಪುತ್ತಾನೆ ಎಂದು ಅಪ್ಪ ಕಾಯುತ್ತಿದ್ದರೆ, ಮಗ ಇಬ್ಬರು ಗೆಳೆಯರ ಜೊತೆ ಸೇರಿ ಗೋವಾದ ನದಿದಂಡೆಯ ಅಂಗಳವೊಂದರಲ್ಲಿ ನಿಂತಿರುವ ಹಾಯಿದೋಣಿಯನ್ನು ಕೊಳ್ಳಲು ಹೊರಟಿದ್ದ. ಇಪ್ಪತ್ತನಾಲ್ಕು ಅಡಿ ಉದ್ದದ್ದು, ಒಳಗೆ ನಾಲ್ವರು ಮಲಗುವಷ್ಟು ಜಾಗ, ಫೈಬರ್‌ಗ್ಲಾಸಿನ ಒಡಲು. ವಯಸ್ಸು ಸುಮಾರು ನಲವತ್ತು, ಅಂದರೆ ಕೊಳ್ಳುವವನಿಗಿಂತ ದೋಣಿಯೇ ಹಿರಿಯದು!

ಅವನು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಹೊಸದಾಗಿ ಬಳಿದ ನೀಲಿ ಬಣ್ಣದಲ್ಲಿ ದೋಣಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

ನಮ್ಮ ಬಡಾವಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ನಾನು ದಿನಾ ಕಾಣುವ ಅತಿ ದೊಡ್ಡ ಜಲರಾಶಿ ಎಂದರೆ ಯಡಿಯೂರು ಕೆರೆ. ಇಂಥವನ ಹತ್ತಿರ ದೋಣಿಯ ವಿಚಾರ ಕೇಳಲು ಬಂದಿದ್ದಾರಲ್ಲ ಎಂದು ನಗು ಬಂತು. ಆದರೆ ನಗಲಿಲ್ಲ. ಕಾಫಿ ಬರುವಷ್ಟರಲ್ಲಿ ಒಳಗೆ ಹೋಗಿ ನನ್ನ ಹಳೆಯ ಅಂಚೆಚೀಟಿ ಪುಸ್ತಕವನ್ನು ತಂದೆ.

ತೃಷ್ಣಾ ಎಂಬ ಹಳೆಯ ದೋಣಿ

1987ರ ಜನವರಿಯಲ್ಲಿ ನಾನು ಪಿಯುಸಿ ಓದುತ್ತಿದ್ದೆ. ಆ ತಿಂಗಳು ನಮ್ಮ ಅಂಚೆ ಇಲಾಖೆ ‘ತೃಷ್ಣಾ’ ಎಂಬ ಹಾಯಿದೋಣಿಯ ಗೌರವಾರ್ಥ ಅಂಚೆಚೀಟಿ ಹೊರಡಿಸಿತು. ಭಾರತೀಯ ಭೂಸೇನೆಯ ಇಂಜಿನಿಯರುಗಳ ತಂಡ 1985ರ ಸೆಪ್ಟೆಂಬರ್ 28ರಂದು ಮುಂಬೈಯಿಂದ ಹೊರಟು, ಹಾಯಿಯ ಬಲದಿಂದ ಭೂಮಿಗೆ ಒಂದು ಸುತ್ತು ಹಾಕಿ, 1987ರ ಜನವರಿ 10ರಂದು ಮರಳಿ ಮುಂಬೈ ಸೇರಿತು. ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರು ಇವರೇ. ಹದಿನೈದು ತಿಂಗಳಿಗೂ ಮೀರಿದ ಪಯಣ ಅದು.

ಅನೇಕರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ತೃಷ್ಣಾ ಈ ಯಾತ್ರೆಗೆಂದು ಕಟ್ಟಿಸಿದ ಹೊಸ ದೋಣಿಯಲ್ಲ. ಫಿನ್ಲೆಂಡಿನಲ್ಲಿ ತಯಾರಾದ 37 ಅಡಿಯ ದೋಣಿ. ಬೇರೆಯವರು ಬಳಸಿದ್ದನ್ನು ಇಂಗ್ಲೆಂಡಿನಲ್ಲಿ ಕೊಂಡದ್ದು. ಕೊಂಡವರು ಅದನ್ನು ಹಡಗಿಗೆ ಹೇರಿ ತರಿಸಲಿಲ್ಲ. ತಾವೇ ನಡೆಸಿಕೊಂಡು ಇಂಗ್ಲೆಂಡಿನಿಂದ ಮುಂಬೈಗೆ ಬಂದರು. ಆ ದಾರಿಯೇ ದೋಣಿಗೂ ಅವರಿಗೂ ಪೂರ್ವಸಿದ್ಧತಾ ಪರೀಕ್ಷೆಯಾಯಿತು. ಯಾವ ಹಗ್ಗ ಸವೆಯುತ್ತದೆ, ಯಾವ ಮೂಲೆಯಲ್ಲಿ ನೀರು ಜಿನುಗುತ್ತದೆ ಎಂಬುದು ಭೂಪ್ರದಕ್ಷಿಣೆಗೆ ಹೊರಡುವ ಮೊದಲೇ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಇಂದು ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್‌ನವರ ಪುಟ್ಟ ಹಾಯಿದೋಣಿಗಳು ಓಡಾಡುವುದನ್ನು ನೀವು ಕಂಡಿರಬಹುದು. ಅಲ್ಲಿನ ಕ್ಲಬ್ಬಿಗೂ ತೃಷ್ಣಾ ಎಂಬುದೇ ಹೆಸರು.

“ನೋಡಿದ್ರಾ ಅಪ್ಪಾ?” ಎಂದ ಹುಡುಗ, ಮುಖ ಅರಳಿಸಿ.

“ಅವರು ಮಿಲಿಟರಿ ಇಂಜಿನಿಯರುಗಳು ಕಣೋ. ನೀನು ಸೈಕಲ್ಲಿಗೆ ಪಂಕ್ಚರ್ ಹಾಕಿದವನೂ ಅಲ್ಲ” ಎಂದರು ಅಪ್ಪ.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಹಳೆಯದು ಎಂಬ ಒಂದೇ ಕಾರಣಕ್ಕೆ ದೋಣಿಯನ್ನು ತಿರಸ್ಕರಿಸಬೇಕಿಲ್ಲ. ಆದರೆ ಅದರ ಒಳಗು ಗೊತ್ತಿಲ್ಲದೆ ಕೊಳ್ಳುವುದು, ಅದರ ಮೇಲೆ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೋಗುವುದು, ತಪ್ಪು. ಈ ಪಾಠವನ್ನು ನಾನು ಸಮುದ್ರದಲ್ಲಿ ಕಲಿತವನಲ್ಲ, ಕತ್ರಿಗುಪ್ಪೆಯ ಏರಿನಲ್ಲಿ ಕಲಿತವನು.

2003ರಲ್ಲಿ ನಾನೊಂದು ಹಳೆಯ ಸ್ಕೂಟರ್ ಕೊಂಡೆ. ಬಣ್ಣ ಹೊಚ್ಚಹೊಸದು, ಸೀಟೂ ಹೊಸದು. ಮಾರಿದವನು “ಕಣ್ಣು ಮುಚ್ಚಿಕೊಂಡು ತಗೊಳ್ಳಿ ಸಾರ್” ಎಂದ. ನಾನು ಅಕ್ಷರಶಃ ಹಾಗೆಯೇ ಮಾಡಿದೆ. ಎರಡು ತಿಂಗಳ ಮೇಲೆ ಒಂದು ಸಂಜೆ, ಹಿಂದೆ ಹೆಂಡತಿ, ಮುಂದೆ ನಿಂತ ನಾಲ್ಕು ವರ್ಷದ ಮಗಳು. ಏರು ಹತ್ತುವಾಗ ಮಗಳ ಕಾಲ ಕೆಳಗಿನ ತಗಡು ಕುಸಿಯಿತು. ಗಾಡಿ ನಿಧಾನವಾಗಿದ್ದುದರಿಂದ ಮೊಣಕಾಲು ತರಚಿದ್ದಷ್ಟೇ ಆಯಿತು. ಮರುದಿನ ಮೆಕ್ಯಾನಿಕ್ ಬಗ್ಗಿ ನೋಡಿದರೆ, ತುಕ್ಕು ತಿಂದ ತಗಡಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು. ಬಿಎಸ್ಸಿ ಓದಿದವನು, ತುಕ್ಕಿನ ರಾಸಾಯನಿಕ ಸಮೀಕರಣವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವನು, ಕೊಳ್ಳುವಾಗ ಒಮ್ಮೆ ಬಗ್ಗಿ ನೋಡಿರಲಿಲ್ಲ!

ಆದ್ದರಿಂದ ಹುಡುಗನಿಗೆ ನಾನು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. “ಒಂದು ಪಟ್ಟಿ ಮಾಡೋಣ. ದೋಣಿಯನ್ನು ನೀನು ನೋಡಿದ್ದು ಸಾಲದು, ಪರೀಕ್ಷೆ ಮಾಡಬೇಕು” ಎಂದೆ. ಮುಂದಿನ ಎರಡು ವಾರ ಸಿಕ್ಕಿದ್ದನ್ನೆಲ್ಲ ಓದಿ, ಮೂವರೂ ಕೂತು ಪಟ್ಟಿ ಮಾಡಿದೆವು. ಅದರಲ್ಲಿ ನಿಮ್ಮ ಪಠ್ಯಪುಸ್ತಕದಲ್ಲಿ ಇಲ್ಲದ ವಿಜ್ಞಾನ ಬಹಳ ಕಡಿಮೆ.

ಹಲಸಿನ ಬೀಜದ ಪಾಠ

ಮೊದಲು ಒಂದು ಪ್ರಶ್ನೆ. ಗಾಳಿ ಪಕ್ಕದಿಂದ ಬೀಸಿದರೆ ದೋಣಿ ಪಕ್ಕಕ್ಕೆ ಸರಿಯಬೇಕಲ್ಲ, ಮುಂದಕ್ಕೆ ಹೇಗೆ ಹೋಗುತ್ತದೆ? ಹಲಸಿನ ತೊಳೆಯಿಂದ ಆಗಷ್ಟೇ ಬಿಡಿಸಿದ, ಲೋಳೆ ಮೆತ್ತಿದ ಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡಿ. ಎರಡು ಬೆರಳೂ ಪಕ್ಕದಿಂದಲೇ ಒತ್ತುತ್ತವೆ, ಬೀಜ ಮಾತ್ರ ಮುಂದಕ್ಕೆ ಚಿಮ್ಮುತ್ತದೆ. ಹಾಯಿದೋಣಿಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಒಂದು ಬೆರಳು ಹಾಯಿಯ ಮೇಲಿನ ಗಾಳಿ. ಇನ್ನೊಂದು ಬೆರಳು, ದೋಣಿಯ ತಳದಿಂದ ನೀರೊಳಗೆ ಇಳಿದಿರುವ ‘ಕೀಲ್’ ಎಂಬ ರೆಕ್ಕೆಯ ಮೇಲೆ ನೀರು ಹಾಕುವ ಒತ್ತಡ.

ಕೀಲ್‌ಗೆ ಇನ್ನೊಂದು ಕೆಲಸವೂ ಇದೆ. ಅದನ್ನು ಕಬ್ಬಿಣ ಅಥವಾ ಸೀಸದಿಂದ ಮಾಡುತ್ತಾರೆ. ಗಾಳಿ ದೋಣಿಯನ್ನು ಓರೆ ಮಾಡಿದಾಗ ಕೆಳಗಿನ ಈ ಭಾರ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಎಷ್ಟು ಬೀಳಿಸಿದರೂ ಎದ್ದು ಕೂರುವ ತಲೆಯಾಡಿಸುವ ಬೊಂಬೆಯ ನೆನಪು ಮಾಡಿಕೊಳ್ಳಿ.

ಇಷ್ಟು ಮುಖ್ಯವಾದ ಕೀಲ್ ಅನೇಕ ದೋಣಿಗಳಲ್ಲಿ ತಳಕ್ಕೆ ಅಂಟಿಕೊಂಡಿರುವುದು ಕೆಲವೇ ಬೋಲ್ಟುಗಳಿಂದ. ನಮ್ಮ ಹುಡುಗ ನೋಡಿದ ದೋಣಿಯಲ್ಲಿ ಏಳು ಬೋಲ್ಟು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂದು ನಾವು ನಂಬಿದ್ದೇವೆ. ಅದರ ಮೈಮೇಲೆ ಇರುವ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಅದನ್ನು ಕಾಯುತ್ತದೆ, ನಿಜ. ಆದರೆ ಆ ಪೊರೆ ಗೀರಿದಾಗ ಮತ್ತೆ ಮೂಡಲು ಆಮ್ಲಜನಕ ಬೇಕು. ಕೀಲ್ ಮತ್ತು ತಳ ಕೂಡುವ ಸಂದಿಗೆ ಉಪ್ಪುನೀರು ಹೊಕ್ಕು ಅಲ್ಲೇ ನಿಂತರೆ ಆಮ್ಲಜನಕ ಮುಗಿಯುತ್ತದೆ, ಪೊರೆ ಕೆಡುತ್ತದೆ. ಮೇಲೆ ನಟ್ಟು ಫಳಫಳ ಹೊಳೆಯುತ್ತಿದ್ದರೂ ನಡುವೆ ಬೋಲ್ಟು ಸವೆಯುತ್ತಾ ಹೋಗಬಹುದು.

ಇದು ಹೆದರಿಸಲು ಹೇಳುವ ಮಾತಲ್ಲ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ ಹಾಯಿದೋಣಿ ಕೆರಿಬಿಯನ್ನಿನ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುವಾಗ ಅಟ್ಲಾಂಟಿಕ್ ಸಾಗರದ ನಡುವೆ ಕೀಲ್ ಕಳಚಿ ಮಗುಚಿತು. ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ದೋಣಿ ಹಿಂದೆ ತಳ ತಾಗಿಸಿಕೊಂಡದ್ದು, ಆಮೇಲೆ ಮಾಡಿದ ರಿಪೇರಿಗಳು, ಇವೆಲ್ಲ ಸೇರಿ ಕೀಲ್ ಕೂಡುವ ಜಾಗವನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ತನಿಖಾಧಿಕಾರಿಗಳು ವರದಿ ಮಾಡಿದರು. ಮಗುಚಿದ ಒಡಲು ಸಿಕ್ಕಾಗ, ಪ್ರಾಣ ಉಳಿಸಬೇಕಾಗಿದ್ದ ತೆಪ್ಪ ಅದರೊಳಗೇ ಇತ್ತು. ಅದನ್ನು ಬಿಚ್ಚಲು ಅವರಿಗೆ ಸಮಯವೇ ಸಿಕ್ಕಿರಲಿಲ್ಲ.

ಆದ್ದರಿಂದ ನಮ್ಮ ಪಟ್ಟಿಯ ಮೊದಲ ಸಾಲು: “ಒಂದು ಕೀಲ್ ಬೋಲ್ಟು ಹೊರತೆಗೆಸಿ ನೋಡಬೇಕು. ಮಾಲೀಕ ಒಪ್ಪದಿದ್ದರೆ ನಮಸ್ಕಾರ ಹೇಳಿ ಬರಬೇಕು.” ಎರಡನೆಯ ಸಾಲು: “ಈ ದೋಣಿ ಎಂದಾದರೂ ಬಂಡೆಗೋ ಮರಳಿಗೋ ತಗುಲಿತ್ತೇ? ಆಮೇಲೆ ಏನು ರಿಪೇರಿಯಾಯಿತು? ಬರೆದಿಟ್ಟದ್ದು ಇದೆಯೇ?”

ಒಣದ್ರಾಕ್ಷಿಯ ಪಾಠ

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಅದಕ್ಕೆ ಗೆದ್ದಲು ಹಿಡಿಯುವುದಿಲ್ಲ. ಆದರೆ ಅದಕ್ಕೂ ಒಂದು ಕಾಯಿಲೆ ಇದೆ. ಗಾಜಿನ ನಾರು ಮತ್ತು ರೆಸಿನ್ ಸೇರಿ ಆದ ಒಡಲಿಗೆ ಹೊರಗೆ ‘ಜೆಲ್‌ಕೋಟ್’ ಎಂಬ ನುಣುಪಾದ ಪದರ ಇರುತ್ತದೆ. ವರ್ಷಗಟ್ಟಲೆ ನೀರಿನಲ್ಲಿ ನಿಂತರೆ ಈ ಪದರದ ಮೂಲಕ ನೀರಿನ ಅಣುಗಳು ಸ್ವಲ್ಪಸ್ವಲ್ಪವೇ ಒಳಗೆ ಸೇರುತ್ತವೆ. ಒಳಗಿನ ಕೆಲವು ರಾಸಾಯನಿಕಗಳು ಅದರಲ್ಲಿ ಕರಗಿ ಸಾಂದ್ರ ದ್ರಾವಣವಾಗುತ್ತದೆ. ಮುಂದೇನು? ಒಂಬತ್ತನೆಯ ತರಗತಿಯವರು ಕೈ ಎತ್ತಲಿ! ಅಭಿಸರಣೆ. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುವ ಹಾಗೆ, ಆ ದ್ರಾವಣ ಹೊರಗಿನ ನೀರನ್ನು ಇನ್ನಷ್ಟು ಸೆಳೆದು ದೋಣಿಯ ಚರ್ಮದ ಮೇಲೆ ಬೊಬ್ಬೆಗಳು ಏಳುತ್ತವೆ.

ಬೊಬ್ಬೆ ಚುಚ್ಚಿದಾಗ ಬರುವ ನೀರು ಸಾಮಾನ್ಯವಾಗಿ ಆಮ್ಲೀಯವಾಗಿರುತ್ತದೆ, ವಿನೆಗರಿನಂಥ ವಾಸನೆ ಹೊಡೆಯುತ್ತದೆ. ಶಾಲೆಯ ಪ್ರಯೋಗಾಲಯದಿಂದ ಹುಡುಗನಿಗೆ ಹತ್ತು ನೀಲಿ ಲಿಟ್ಮಸ್ ಕಾಗದ ಕೊಟ್ಟೆ. ಒಳಗೆ ಒತ್ತಡ ಇರುತ್ತದೆ, ಕನ್ನಡಕ ಹಾಕಿಕೊಂಡು ಚುಚ್ಚು ಎಂದೂ ಹೇಳಿದೆ. ನಾಲ್ಕಾರು ಬೊಬ್ಬೆಗಳಿದ್ದರೆ ಕೆರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ತುಂಬಿದರೆ ಆಯಿತು. ಮೈತುಂಬ ಇದ್ದರೆ ಖರ್ಚು ದೋಣಿಯ ಬೆಲೆಯನ್ನೇ ಮೀರಬಹುದು.

ಇನ್ನು ಒಳಪದರಗಳು ಬಿಟ್ಟುಕೊಂಡಿವೆಯೇ ಎಂದು ತಿಳಿಯುವುದು ಹೇಗೆ? ನಮ್ಮ ತಾಯಂದಿರು ಮಡಕೆ ಕೊಳ್ಳುವಾಗ ಮಾಡುವ ಪರೀಕ್ಷೆಯೇ. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಅಂಗೈಯಗಲಕ್ಕೊಮ್ಮೆ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಜಾಗ ‘ಟಣ್’ ಎನ್ನುತ್ತದೆ, ಕೆಟ್ಟ ಜಾಗ ‘ದಬ್’ ಎನ್ನುತ್ತದೆ. ‘ದಬ್’ ಎಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಬೇಕು.

ಒಂದು ಅಂಗುಲದ ತೂತು

ದೋಣಿಯ ತಳದಲ್ಲಿ ಬೇಕೆಂದೇ ಕೊರೆದ ತೂತುಗಳಿರುತ್ತವೆ: ಎಂಜಿನ್ನಿಗೆ ತಂಪುನೀರು ಬರಲು, ಪಾತ್ರೆ ತೊಳೆದ ನೀರು ಹೋಗಲು. ಪ್ರತಿಯೊಂದಕ್ಕೂ ಒಂದು ವಾಲ್ವು. ಅಗ್ಗಕ್ಕೆ ಸಿಗುತ್ತದೆಂದು ಕೆಲವರು ಮಾಮೂಲಿ ಹಿತ್ತಾಳೆಯ ವಾಲ್ವು ಹಾಕಿಸುತ್ತಾರೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಉಪ್ಪುನೀರಿನಲ್ಲಿ ಸತು ಮೆಲ್ಲಗೆ ಕರಗಿಹೋಗಿ, ಸ್ಪಂಜಿನಂಥ ತಾಮ್ರ ಮಾತ್ರ ಉಳಿಯುತ್ತದೆ. ಚಾಕುವಿನಿಂದ ಗೀರಿದಾಗ ಹಳದಿಯ ಬದಲು ನಸುಗೆಂಪು ಕಂಡರೆ ಅಪಾಯ ಎಂದು ತಿಳಿಯಿರಿ. ಮೇಲೆ ನಲ್ಲಿಯ ಆಕಾರ ಹಾಗೇ ಇರುತ್ತದೆ, ಒಂದು ದಿನ ಕೈ ಹಾಕಿದಾಗ ಮುರಿದು ಕೈಗೇ ಬರುತ್ತದೆ.

ಬಂದರೆ ಎಷ್ಟು ನೀರು ನುಗ್ಗುತ್ತದೆ? ಲೆಕ್ಕ ಹಾಕೋಣ. ತೂತು ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗಿದೆ ಎನ್ನಿ. ಟಾರಿಸೆಲ್ಲಿಯ ನಿಯಮದಂತೆ ನೀರಿನ ವೇಗ ಸೆಕೆಂಡಿಗೆ ಮೂರು ಮೀಟರಿಗೂ ಹೆಚ್ಚು. ಒಂದು ಅಂಗುಲ ವ್ಯಾಸದ ತೂತಿನಲ್ಲಿ, ಧಾರೆ ಕಿರಿದಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ, ಸೆಕೆಂಡಿಗೆ ಸುಮಾರು ಒಂದು ಲೀಟರ್. ಅಂದರೆ ನಿಮಿಷಕ್ಕೆ ನಾಲ್ಕು ಬಕೆಟ್! ಎಷ್ಟು ಹೊತ್ತು ತಾನೇ ಎತ್ತಿ ಹೊಯ್ದೀರಿ? ಅನುಭವಿಗಳು ಪ್ರತಿ ವಾಲ್ವಿನ ಪಕ್ಕದಲ್ಲೂ ಮೆದು ಮರದ ಒಂದು ಬೆಣೆಯನ್ನು ದಾರದಿಂದ ಕಟ್ಟಿಟ್ಟಿರುತ್ತಾರೆ. ಮುರಿದ ಕೂಡಲೇ ಬೆಣೆ ಬಡಿದರೆ ನೀರಿಗೆ ಮರ ಉಬ್ಬಿ ತೂತು ಬಿಗಿಯುತ್ತದೆ. ಬೆಣೆಯ ಬೆಲೆ ಹತ್ತು ರೂಪಾಯಿಯೂ ಇಲ್ಲ.

ಕೂವೆಕಂಬವನ್ನು ನಿಲ್ಲಿಸಿರುವ ಉಕ್ಕಿನ ತಂತಿಹಗ್ಗಗಳಿಗೆ ಪರೀಕ್ಷೆ ಇನ್ನೂ ಸುಲಭ. ಹತ್ತಿಯ ಉಂಡೆಯನ್ನು ತಂತಿಯ ಉದ್ದಕ್ಕೂ ಸವರಿಕೊಂಡು ಹೋಗಿ. ಒಂದು ಎಳೆ ತುಂಡಾಗಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಬೇಡಿ, ರಕ್ತ ಬರುತ್ತದೆ. ಹತ್ತು ಹದಿನೈದು ವರ್ಷ ದಾಟಿದ ತಂತಿಗಳನ್ನಂತೂ ಚೆನ್ನಾಗಿ ಕಂಡರೂ ಬದಲಿಸುವುದೇ ಜಾಣತನ.

ಕಾಗದಪತ್ರಗಳ ಪರೀಕ್ಷೆಯೂ ಅಷ್ಟೇ ಮುಖ್ಯ. ಮಾರುವವನೇ ಮಾಲೀಕನೇ, ಬಂದರು ಇಲಾಖೆಯ ನೋಂದಣಿ ಇದೆಯೇ, ಹೊರದೇಶದಿಂದ ಬಂದ ದೋಣಿಯಾದರೆ ಆಮದು ಸುಂಕ ಕಟ್ಟಿದ ರಸೀದಿ ಇದೆಯೇ, ಎಲ್ಲವನ್ನೂ ಕಣ್ಣಾರೆ ನೋಡಬೇಕು.

ಹದಿನಾರು ಹೊರಟವು, ಮೂರು ಸೇರಿದವು

ಇಷ್ಟೆಲ್ಲ ಮಾಡಿದರೆ ಹಳೆಯ ದೋಣಿ ಸಮುದ್ರಕ್ಕೆ ಯೋಗ್ಯವೇ? ಇದಕ್ಕೆ ಉತ್ತರ ಹುಡುಕಲು ‘ಗೋಲ್ಡನ್ ಗ್ಲೋಬ್’ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1968–69ರಲ್ಲಿ ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್ಸ್‌ಟನ್ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನಗಳಲ್ಲಿ ಭೂಮಿಯನ್ನು ಸುತ್ತಿದರು. ಅವರ 32 ಅಡಿಯ ದೋಣಿ ‘ಸುಹೈಲಿ’ಯನ್ನು ಕಟ್ಟಿದ್ದು ನಮ್ಮ ಮುಂಬೈಯಲ್ಲಿ, ತೇಗದ ಮರದಿಂದ. ಅದರ ನೆನಪಿಗೆ ನಡೆಯುವ ಈ ಪಂದ್ಯದಲ್ಲಿ 1988ಕ್ಕಿಂತ ಮೊದಲು ವಿನ್ಯಾಸಗೊಂಡ ದೋಣಿಗಳಿಗೆ ಮಾತ್ರ ಪ್ರವೇಶ. ಹೀಗಾಗಿ ಅನೇಕರು ಹಳೆಯ ದೋಣಿಯನ್ನು ಕೊಂಡು, ಬಿಚ್ಚಿ, ಹೊಸದಾಗಿ ಸಜ್ಜುಗೊಳಿಸಿಯೇ ಬರುತ್ತಾರೆ.

ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ 2018ರ ಪಂದ್ಯದಲ್ಲಿ ಹೊಸದಾಗಿ ಕಟ್ಟಿದ ‘ತುರೀಯ’ದಲ್ಲಿ ಹೊರಟಿದ್ದರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಕೂವೆಕಂಬ ಮುರಿಯಿತು, ಅವರ ಬೆನ್ನುಮೂಳೆಗೂ ತೀವ್ರ ಪೆಟ್ಟಾಯಿತು. ದೋಣಿ ಹೊಸದಾಗಿದ್ದೂ ಬಿರುಗಾಳಿ ಬಿಡಲಿಲ್ಲ. ಅವರೇ 2022ರ ಸೆಪ್ಟೆಂಬರಿನಲ್ಲಿ ‘ಬಯಾನತ್’ ಎಂಬ, ಬಳಸಿದ, ಮರುಸಜ್ಜುಗೊಳಿಸಿದ 36 ಅಡಿಯ ದೋಣಿಯಲ್ಲಿ ಮತ್ತೆ ಹೊರಟರು. ತಾನಾಗಿ ಚುಕ್ಕಾಣಿ ನಡೆಸುವ ಗಾಳಿಯಂತ್ರ ದಾರಿಯಲ್ಲಿ ಮುರಿದಾಗ, ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ಅದಕ್ಕೆ ಬಿಡಿಭಾಗ ಮಾಡಿಕೊಂಡರು. 236 ದಿನಗಳ ನಂತರ, 2023ರ ಏಪ್ರಿಲಿನಲ್ಲಿ, ಎರಡನೆಯವರಾಗಿ ಗುರಿ ಸೇರಿದರು. ಮೊದಲ ಸ್ಥಾನ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೊಯ್‌ಶೇಫರ್ ಎಂಬ ಮಹಿಳೆಗೆ. ಹೊರಟವರು ಹದಿನಾರು ಮಂದಿ. ಎಲ್ಲೂ ನಿಲ್ಲದೆ ಪೂರೈಸಿದವರು ಮೂವರು.

ಅದೇ ಪಂದ್ಯದ ಇನ್ನೊಂದು ಘಟನೆಯನ್ನು ತಂದೆ ಮಗ ಇಬ್ಬರಿಗೂ ಒತ್ತಿ ಹೇಳಿದೆ. ಫಿನ್ಲೆಂಡಿನ ತಾಪಿಯೋ ಲೆಹ್ಟಿನೆನ್ ಅನುಭವಿ ನಾವಿಕರು. ‘ಆಸ್ಟೇರಿಯ’ ಎಂಬ 1965ರ ತಮ್ಮ ದೋಣಿಯನ್ನು ಬಹಳ ಆಸ್ಥೆಯಿಂದ ದುರಸ್ತಿ ಮಾಡಿಸಿದ್ದರು. 2022ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಆಗ್ನೇಯಕ್ಕೆ ಅದು ಸುಮಾರು ಐದೇ ನಿಮಿಷದಲ್ಲಿ ಮುಳುಗಿತು. ಅವರು ಉಳಿದದ್ದು ಕೈಗೆಟಕುವಲ್ಲಿದ್ದ ತೆಪ್ಪದಿಂದ. ಸುಮಾರು ಒಂದು ದಿನ ಅದರಲ್ಲಿ ತೇಲಿದ ಮೇಲೆ ಇದೇ ಕರ್ಸ್ಟನ್ ಪಂದ್ಯದ ದಾರಿ ಬಿಟ್ಟು ಬಂದು ಅವರನ್ನು ಹತ್ತಿಸಿಕೊಂಡರು. ಎಷ್ಟು ಪರೀಕ್ಷಿಸಿದರೂ ಕಣ್ತಪ್ಪುವುದು ಒಂದಾದರೂ ಇರುತ್ತದೆ. ಆದ್ದರಿಂದ ಜೀವರಕ್ಷಕ ಅಂಗಿ, ತೆಪ್ಪ, ರೇಡಿಯೋಗಳಿಗೆ ಹಣ ಮೊದಲೇ ಎತ್ತಿಡಬೇಕು. ಬಣ್ಣ, ಪರದೆ, ದಿಂಬುಗಳ ಸರದಿ ಕೊನೆಗೆ.

ಬೋಲ್ಟಿನ ಕಥೆ

ಜುಲೈನಲ್ಲಿ ಹುಡುಗ ಗೋವಾಕ್ಕೆ ಹೊರಟ. ಕೈಚೀಲದಲ್ಲಿ ಪಟ್ಟಿ, ಸುತ್ತಿಗೆ, ಸೀಮೆಸುಣ್ಣ, ಲಿಟ್ಮಸ್, ಹತ್ತಿ, ಟಾರ್ಚು. “ಒಬ್ಬನನ್ನೇ ಕಳಿಸೋದು ಹೇಗೆ?” ಎಂದು ಅಪ್ಪನೂ ಜೊತೆಗೆ ಬಸ್ಸು ಹತ್ತಿದರು. ಮಗನ ಮನಸ್ಸು ಬದಲಾಯಿಸುವ ಆಸೆ ಅವರಿಗೆ ಆಗಲೂ ಇತ್ತು.

ನಾಲ್ಕು ದಿನಗಳ ನಂತರ ಇಬ್ಬರೂ ನಮ್ಮ ಮನೆಗೆ ಬಂದರು. ಅಪ್ಪ ದಿನಪತ್ರಿಕೆಯಲ್ಲಿ ಸುತ್ತಿದ್ದ ಪೊಟ್ಟಣವೊಂದನ್ನು ಟೀಪಾಯಿಯ ಮೇಲಿಟ್ಟರು. ಬಿಚ್ಚಿದರೆ ಒಂದು ಕೀಲ್ ಬೋಲ್ಟು. ಎರಡು ತುದಿಯೂ ಗಟ್ಟಿ, ನಡುವೆ ಮಾತ್ರ ಇಲಿ ಕಚ್ಚಿದ ಹಾಗೆ ಸವೆದಿತ್ತು.

ಅದನ್ನು ಕಂಡುಹಿಡಿದದ್ದು ಮಗನಲ್ಲ, ಅಪ್ಪ. ಹೊಸ ನೀಲಿ ಬಣ್ಣದ ಕೆಳಗೆ, ಕೀಲ್ ಕೂಡುವ ಗೆರೆಯಲ್ಲಿ, ಕೂದಲೆಳೆಯಷ್ಟು ಕಂದುಬಣ್ಣ ಜಿನುಗಿದ್ದು ಅವರ ಟೂಲ್ ರೂಮಿನ ಕಣ್ಣಿಗೆ ಬಿದ್ದಿತ್ತು. ಮಾಲೀಕ ಮೊದಲು ಬೋಲ್ಟು ಬಿಚ್ಚಲು ಒಪ್ಪಲಿಲ್ಲ. ಇವರು ಬ್ಯಾಗು ಹೆಗಲಿಗೇರಿಸಿ ಗೇಟಿನ ತನಕ ನಡೆದ ಮೇಲೆ ಕೂಗಿ ಕರೆದ. ಬೋಲ್ಟು ಹೊರಬಂದಾಗ ಅವನ ಮುಖವೂ ಬಿಳಿಚಿಕೊಂಡಿತಂತೆ. ಪಾಪ, ಅವನಿಗೂ ಗೊತ್ತಿರಲಿಲ್ಲ. ಎರಡು ವರ್ಷ ಅದೇ ದೋಣಿಯಲ್ಲಿ ಅವನು ಹೆಂಡತಿ ಮಗುವಿನೊಂದಿಗೆ ಓಡಾಡಿದ್ದ.

ಮರುದಿನ ಬೋಲ್ಟನ್ನು ತರಗತಿಗೆ ಒಯ್ದೆ. ವರ್ನಿಯರ್ ಕ್ಯಾಲಿಪರಿನಿಂದ ಮಕ್ಕಳೇ ಅಳೆದರು. ತುದಿಯಲ್ಲಿ 20 ಮಿಲಿಮೀಟರ್, ಸವೆದ ಕಡೆ 11. “ಅರ್ಧಕ್ಕಿಂತ ಜಾಸ್ತಿ ಉಳಿದಿದೆ ಸಾರ್” ಎಂದ ಒಬ್ಬ. ಬೋಲ್ಟಿನ ಎಳೆತದ ಬಲ ನಿಂತಿರುವುದು ವ್ಯಾಸದ ಮೇಲಲ್ಲ, ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತ. 11ರ ವರ್ಗ 121, 20ರ ವರ್ಗ 400. ಉಳಿದಿರುವ ಬಲ ನೂರಕ್ಕೆ ಮೂವತ್ತು! ಎಷ್ಟೋ ವರ್ಷಗಳಿಂದ ನಾನು ಹೇಳಿಕೊಡುತ್ತಿರುವ ‘ವರ್ಗಕ್ಕೆ ಅನುಪಾತ’ ಎಂಬ ಮಾತು ಅಂದು ತರಗತಿಗೆ ಅರ್ಥವಾದಷ್ಟು ಹಿಂದೆಂದೂ ಆಗಿರಲಿಲ್ಲ.

ಅಲ್ಲಿಗೆ ದೋಣಿಯ ಕಥೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಆ ಸಂಜೆ ಅಪ್ಪನೇ ಫೋನು ಮಾಡಿದರು. “ಮೇಷ್ಟ್ರೇ, ಒಡಲು ಗಟ್ಟಿ ಇದೆ. ತಟ್ಟಿ ನೋಡಿದೀನಿ, ಎರಡೇ ಕಡೆ ‘ದಬ್’ ಅಂತು. ಬೊಬ್ಬೆ ಒಂಬತ್ತು. ಬೋಲ್ಟು ಏಳೂ ಹೊಸದು ಮಾಡಿಸಬಹುದು, ನನಗೆ ಗೊತ್ತಿರೋ ಕೆಲಸ. ರೇಟು ಇಳಿಸಿದ್ರೆ ತಗೊಳ್ಳೋಣ ಅಂತಿದೀನಿ.” ತಗೊಳ್ಳೋಣ! ಬುದ್ಧಿ ಹೇಳಿ ಎಂದು ಬಂದಿದ್ದವರು ಇವರೇ ತಾನೇ?

ಮಾಲೀಕ ಬೆಲೆ ಇಳಿಸಿದ. ಕೊಟ್ಟ ಬೆಲೆಯಷ್ಟೇ ಮತ್ತೊಂದು ಮೊತ್ತವನ್ನು ದುರಸ್ತಿಗೆಂದು ಮೂವರು ಗೆಳೆಯರೂ ಬೇರೆಯೇ ಖಾತೆಯಲ್ಲಿ ಇಟ್ಟರು. ಅಪ್ಪ ತಿಂಗಳಿಗೊಮ್ಮೆ ಗೋವಾಕ್ಕೆ ಹೋಗಿ ಬೋಲ್ಟು, ವಾಲ್ವು, ತಂತಿ ಒಂದೊಂದಾಗಿ ಬದಲಿಸಿದರು. ಬಿಚ್ಚಿದ ಪ್ರತಿ ಭಾಗದ ಅಳತೆ, ತಾರೀಖು, ಕಂಡ ದೋಷ ಎಲ್ಲವನ್ನೂ ಇನ್ನೂರು ಪುಟದ ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಮುಂದೆ ಈ ದೋಣಿಯನ್ನು ಕೊಳ್ಳುವವರಿಗೆ ಆ ಪುಸ್ತಕವೂ ಸೇರಿ ಸಿಗಬೇಕು ಎಂಬುದು ಅವರ ಹಟ. ಮಗನಿಗೆ ಅವರು ಹಾಕಿದ ಷರತ್ತು ಎರಡು: ಈಜು ಕಲಿಯಬೇಕು, ಮತ್ತು ಚಿಕ್ಕ ದೋಣಿಯಲ್ಲಿ ಹಾಯಿ ನಡೆಸುವುದನ್ನು ಗುರುಮುಖೇನ ಕಲಿಯಬೇಕು. ಅವನು ಎರಡನ್ನೂ ಕಲಿತ.

ಈ ವರ್ಷ ಫೆಬ್ರವರಿಯಲ್ಲಿ ದೋಣಿ ನೀರಿಗಿಳಿಯಿತು. ಮೊದಲ ಒಂದು ಗಂಟೆ ಯಾರೂ ಹಾಯಿ ಬಿಚ್ಚಲಿಲ್ಲವಂತೆ. ಅಪ್ಪ ಟಾರ್ಚು ಹಿಡಿದು ತಳದಲ್ಲಿ ಕುಳಿತು, ಏಳು ಬೋಲ್ಟುಗಳ ಸುತ್ತಲೂ ಬೆರಳಾಡಿಸಿ, ಒಣಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೇಲೆ ಬಂದರು. ಈಗಲೂ ಅವರು ನದಿ ದಾಟಿ ಸಮುದ್ರಕ್ಕೆ ಹೋಗಿಲ್ಲ. ಒಂದು ಮಳೆಗಾಲ ಕಳೆಯಲಿ, ಮತ್ತೆ ಒಂದು ಬೋಲ್ಟು ಬಿಚ್ಚಿ ನೋಡಿ ಆಮೇಲೆ ಎಂದು ನಿರ್ಧರಿಸಿದ್ದಾರೆ. ಹಳೆಯ ಬೋಲ್ಟು ಮಾತ್ರ ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲೇ ಇದೆ.

ಈ ವಾರದ ಪ್ರಯೋಗ: ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿಯನ್ನು ಬಕೆಟ್ಟಿನಲ್ಲಿ ಅಡ್ಡಡ್ಡ ತೇಲಿಬಿಟ್ಟು ಬೆರಳಿನಿಂದ ಉರುಳಿಸಿ. ಆಮೇಲೆ ಅದರ ಒಂದು ಮಗ್ಗುಲಿಗೆ ನಾಲ್ಕು ದಪ್ಪ ಮೊಳೆಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು ಮತ್ತೆ ಉರುಳಿಸಿ. ಎರಡರ ವ್ಯತ್ಯಾಸವನ್ನು ಬರೆದಿಡಿ. ನಂತರ ರಬ್ಬರ್ ಬ್ಯಾಂಡನ್ನು ತುಸು ಸಡಿಲ ಮಾಡಿ, ಮೊಳೆಗಳು ಜಾರಿದಾಗ ಬಾಟಲಿಗೆ ಏನಾಗುತ್ತದೆ ನೋಡಿ. ಮನೆಯಲ್ಲಿ ಅಪ್ಪ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.